ಕ್ಲೌಡ್ ಡೇಟಾ ವೇರ್‌ಹೌಸ್: ಗಣನಾ ಸಾಮರ್ಥ್ಯವನ್ನೂ ಬಿಲ್ಲನ್ನೂ ಹತೋಟಿಯಲ್ಲಿ ಇಡುವ ಕ್ರಮ

ಗಂಗಾವತಿ ಮತ್ತು ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಘಟಕಗಳಲ್ಲಿ, ಬಳ್ಳಾರಿಯ ಜೀನ್ಸ್ ಉಡುಪು ತಯಾರಕರಲ್ಲಿ ಲೆಕ್ಕಪತ್ರ ಮತ್ತು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ದತ್ತಾಂಶ ಅಷ್ಟೇ ಇದೆ, ವರದಿಗಳೂ ಅವೇ ಇವೆ, ಆದರೂ ಕ್ಲೌಡ್ ಡೇಟಾ ವೇರ್‌ಹೌಸ್‌ನ ಬಿಲ್ಲು ತಿಂಗಳಿಂದ ತಿಂಗಳಿಗೆ ಏರುತ್ತಿದೆ, ಏಕೆ? ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಉತ್ತರದ ತಿರುಳನ್ನು ಮೊದಲೇ ಹೇಳುತ್ತೇನೆ. ಇಂಥ ಬಿಲ್ಲಿನಲ್ಲಿ ದತ್ತಾಂಶವನ್ನು ಇಟ್ಟುಕೊಂಡದ್ದರ ಬಾಡಿಗೆ ಸಾಮಾನ್ಯವಾಗಿ ಸಣ್ಣ ಪಾಲು. ದೊಡ್ಡ ಪಾಲು ಲೆಕ್ಕ ಮಾಡುವ ಯಂತ್ರಗಳು ಎಷ್ಟು ಹೊತ್ತು ಚಾಲೂ ಇದ್ದವು ಎಂಬುದಕ್ಕೆ ಬೀಳುತ್ತದೆ. ಅಕ್ಕಿ ಗಿರಣಿಯ ಮೋಟಾರು ಭತ್ತ ಹಾಕದಿದ್ದರೂ ತಿರುಗುತ್ತಿದ್ದರೆ ಮೀಟರು ಓಡುತ್ತಲೇ ಇರುತ್ತದಲ್ಲವೇ, ಇಲ್ಲಿಯೂ ಹಾಗೆಯೇ. ಸಣ್ಣ ಸಂಸ್ಥೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿದಾಗ ಹೆಚ್ಚಿನ ಸೋರಿಕೆ ಕಾಣುವುದು ಕೆಲಸವಿಲ್ಲದೆ ಚಾಲೂ ಇರುವ ಯಂತ್ರಗಳಲ್ಲಿ. ಭಾರಿ ಲೆಕ್ಕಾಚಾರದ ಪಾಲು ಅದಕ್ಕಿಂತ ಕಡಿಮೆಯೇ ಇರುತ್ತದೆ.

ಮೊದಲು ಕೆಲವು ಪದಗಳು

ಡೇಟಾ ವೇರ್‌ಹೌಸ್ ಎಂದರೆ ಮಾರಾಟ, ಖರೀದಿ, ತೂಕ, ಉತ್ಪಾದನೆ, ಪಾವತಿ ಮುಂತಾದ ಎಲ್ಲ ವಿಭಾಗಗಳ ದಾಖಲೆಗಳನ್ನು ಒಂದೆಡೆ ಕೂಡಿಸಿ, ಅವುಗಳ ಮೇಲೆ ವರದಿ ತೆಗೆಯಲು ಕಟ್ಟಿದ ವ್ಯವಸ್ಥೆ. ಕ್ಲೌಡ್‌ನಲ್ಲಿ ದೊರೆಯುವ ಇಂಥ ವ್ಯವಸ್ಥೆಗಳಲ್ಲಿ ಸ್ನೋಫ್ಲೇಕ್, ಗೂಗಲ್‌ನ ಬಿಗ್‌ಕ್ವೆರಿ ಮತ್ತು ಅಮೆಜಾನ್‌ನ ರೆಡ್‌ಶಿಫ್ಟ್ ಹೆಚ್ಚು ಬಳಕೆಯಲ್ಲಿವೆ. ದತ್ತಾಂಶವನ್ನು ಕೇಳಿ ಉತ್ತರ ಪಡೆಯುವ ಪ್ರತಿಯೊಂದು ಆಜ್ಞೆಯನ್ನು ಕ್ವೆರಿ ಎನ್ನುತ್ತಾರೆ. ಆ ಕ್ವೆರಿಯನ್ನು ನಡೆಸುವ ಯಂತ್ರಗಳ ಗುಂಪನ್ನು ಸ್ನೋಫ್ಲೇಕ್‌ನಲ್ಲಿ ವರ್ಚುವಲ್ ವೇರ್‌ಹೌಸ್ ಎಂದು ಕರೆಯುತ್ತಾರೆ, ಆದರೆ ಹೊಸಬರು ಅದನ್ನು ದತ್ತಾಂಶ ಇಡುವ ಜಾಗವೆಂದು ತಿಳಿಯುವ ಸಂಭವ ಇರುವುದರಿಂದ ಈ ಲೇಖನದಲ್ಲಿ ಅದನ್ನು ಕಂಪ್ಯೂಟ್ ಘಟಕ ಎನ್ನುತ್ತೇನೆ.

ಅಳತೆಯ ಮಾನ ಮೂರರಲ್ಲೂ ಬೇರೆ ಬೇರೆ. ಸ್ನೋಫ್ಲೇಕ್ ಕ್ರೆಡಿಟ್ ಲೆಕ್ಕದಲ್ಲಿ ಹಣ ಪಡೆಯುತ್ತದೆ. ಅತಿ ಚಿಕ್ಕದಾದ ಎಕ್ಸ್-ಸ್ಮಾಲ್ ಘಟಕ ಗಂಟೆಗೆ 1 ಕ್ರೆಡಿಟ್, ಸ್ಮಾಲ್ 2, ಮೀಡಿಯಂ 4, ಲಾರ್ಜ್ 8, ಎಕ್ಸ್-ಲಾರ್ಜ್ 16, ಹೀಗೆ ಪ್ರತಿ ಮೆಟ್ಟಿಲಿಗೆ ದರ ಇಮ್ಮಡಿಯಾಗುತ್ತದೆ. ಬಿಗ್‌ಕ್ವೆರಿಯಲ್ಲಿ ಎರಡು ದಾರಿಗಳಿವೆ. ಕ್ವೆರಿ ಓದಿದ ದತ್ತಾಂಶದ ಗಾತ್ರಕ್ಕೆ ತಕ್ಕಂತೆ ಕೊಡುವುದು ಒಂದು, ಸ್ಲಾಟ್ ಎಂಬ ಗಣನಾ ಸಾಮರ್ಥ್ಯದ ಮಾನವನ್ನು ಬಳಸಿದ ಹೊತ್ತಿಗೆ ಕೊಡುವುದು ಇನ್ನೊಂದು. ಯಂತ್ರಗಳನ್ನು ಅಮೆಜಾನ್ ತಾನೇ ನೋಡಿಕೊಳ್ಳುವ ರೆಡ್‌ಶಿಫ್ಟ್ ಸರ್ವರ್‌ಲೆಸ್‌ನಲ್ಲಿ ಮಾನದ ಹೆಸರು ಆರ್‌ಪಿಯು, ಅಂದರೆ ರೆಡ್‌ಶಿಫ್ಟ್ ಪ್ರೊಸೆಸಿಂಗ್ ಯೂನಿಟ್. ಒಂದೊಂದರಲ್ಲೂ 16 ಜಿಬಿ ಮೆಮೊರಿ ಇರುತ್ತದೆ.

ಕೈಯಲ್ಲಿ ಇರಬೇಕಾದದ್ದು

ಕಳೆದ ಮೂರು ತಿಂಗಳ ಬಿಲ್ಲು, ಖಾತೆಯ ಆಡಳಿತಾಧಿಕಾರ ಇರುವ ಲಾಗಿನ್, ನಿತ್ಯ ತಾವಾಗಿಯೇ ನಡೆಯುವ ಕೆಲಸಗಳ ಪಟ್ಟಿ, ಪ್ರತಿ ಕೆಲಸದ ಎದುರು ಅದನ್ನು ಕೇಳಿದವರ ಹೆಸರು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾರಿಗೂ ಬೇಡವಾದ ವರದಿಯೊಂದು ವರ್ಷಗಟ್ಟಲೆ ನಡೆಯುತ್ತಲೇ ಇರುವುದು ಹೆಸರು ಬರೆದಿಡದ ಕಾರಣಕ್ಕೆ. ಬಿಲ್ಲಿನ ಹೊಣೆ ಹೊರುವ ಒಬ್ಬರನ್ನು ಸಂಸ್ಥೆಯಲ್ಲಿ ಗೊತ್ತುಪಡಿಸಬೇಕು. ಎಲ್ಲರದ್ದೂ ಆದ ಹೊಣೆಯನ್ನು ಯಾರೂ ನೋಡುವುದಿಲ್ಲ.

ಇಲ್ಲಿಯೇ ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ನಿಮ್ಮ ಇಡೀ ದತ್ತಾಂಶ ಕೆಲವು ಜಿಬಿಗಳಷ್ಟೇ ಇದ್ದು, ದಿನಕ್ಕೆ ನಾಲ್ಕಾರು ವರದಿಗಳನ್ನು ಮಾತ್ರ ತೆಗೆಯುವಿರಾದರೆ, ಒಂದು ಸಾಧಾರಣ ಸರ್ವರ್ ಮೇಲೆ ಪೋಸ್ಟ್‌ಗ್ರೆಸ್‌ನಂಥ ಉಚಿತ ಡೇಟಾಬೇಸ್ ಹಾಕಿಕೊಂಡರೆ ಸಾಕಾಗುತ್ತದೆ. ಅಂಥವರಿಗೆ ಕ್ಲೌಡ್ ವೇರ್‌ಹೌಸ್ ಬೇಕೇ ಬೇಕೆಂದು ಹೇಳುವ ಮಾರಾಟಗಾರರ ಮಾತನ್ನು ಒಪ್ಪುವ ಮುನ್ನ ಎರಡು ಸಲ ಯೋಚಿಸಿ. ಹಲವು ಊರುಗಳ ಘಟಕಗಳು, ಹಲವು ವರ್ಷಗಳ ತೂಕದ ದಾಖಲೆಗಳು, ಯಂತ್ರಗಳಿಂದ ಕ್ಷಣಕ್ಷಣಕ್ಕೆ ಬರುವ ಅಳತೆಗಳು ಕೂಡಿದಾಗ ಮಾತ್ರ ಇದರ ಶಕ್ತಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಹಂತ 1: ಬಿಲ್ಲನ್ನು ಭಾಗ ಭಾಗವಾಗಿ ಬಿಡಿಸಿ

ಒಟ್ಟು ಮೊತ್ತವನ್ನು ನೋಡಿ ಏನೂ ತಿಳಿಯುವುದಿಲ್ಲ. ಸಂಗ್ರಹ, ಕಂಪ್ಯೂಟ್, ತಾನಾಗಿ ನಡೆಯುವ ಸರ್ವರ್‌ಲೆಸ್ ಸೇವೆಗಳು, ದತ್ತಾಂಶ ಸಾಗಣೆ ಎಂದು ನಾಲ್ಕು ಕಲಮುಗಳನ್ನು ಮಾಡಿ ಮೂರು ತಿಂಗಳ ಅಂಕಿಗಳನ್ನು ತುಂಬಿ. ಬಳಿಕ ಕಂಪ್ಯೂಟ್ ಕಲಮನ್ನು ಘಟಕವಾರು, ದಿನವಾರು, ಗಂಟೆವಾರು ಬಿಡಿಸಿ. ಸ್ನೋಫ್ಲೇಕ್‌ನಲ್ಲಿ ಅಕೌಂಟ್ ಯೂಸೇಜ್ ಎಂಬ ವಿಭಾಗದೊಳಗಿನ ವೇರ್‌ಹೌಸ್ ಮೀಟರಿಂಗ್ ಹಿಸ್ಟರಿಯಲ್ಲಿ ಪ್ರತಿ ಘಟಕ ಪ್ರತಿ ಗಂಟೆಗೆ ಬಳಸಿದ ಕ್ರೆಡಿಟ್ ಇರುತ್ತದೆ, ಕ್ವೆರಿ ಹಿಸ್ಟರಿಯಲ್ಲಿ ಯಾರು ಯಾವ ಕ್ವೆರಿಯನ್ನು ಎಷ್ಟು ಹೊತ್ತು ನಡೆಸಿದರು ಎಂಬುದು ಇರುತ್ತದೆ. ಬಿಗ್‌ಕ್ವೆರಿಯಲ್ಲಿ ಇನ್ಫರ್ಮೇಶನ್ ಸ್ಕೀಮಾದೊಳಗಿನ ಜಾಬ್ಸ್ ಪಟ್ಟಿ ಕಳೆದ 180 ದಿನಗಳ ಕೆಲಸಗಳನ್ನು ತೋರಿಸುತ್ತದೆ.

ರಾತ್ರಿ ಹನ್ನೆರಡರಿಂದ ಬೆಳಗಿನ ಆರರವರೆಗಿನ ಗಂಟೆಗಳನ್ನು ಮೊದಲು ನೋಡಿ. ಕಚೇರಿ ಮುಚ್ಚಿರುವ ಆ ಹೊತ್ತಿನಲ್ಲಿ ದತ್ತಾಂಶ ತುಂಬುವ ಕೆಲಸ ಬಿಟ್ಟು ಬೇರೇನೂ ನಡೆಯಬಾರದು. ಅಲ್ಲಿ ಪ್ರತಿ ಗಂಟೆಗೂ ಒಂದೇ ಸಮನಾದ ಕ್ರೆಡಿಟ್ ಬಿದ್ದಿದ್ದರೆ ನಿಮ್ಮ ಘಟಕ ಮಲಗುತ್ತಲೇ ಇಲ್ಲವೆಂದು ತಿಳಿಯಿರಿ. ಒಂದು ಮೀಡಿಯಂ ಘಟಕ 30 ದಿನ ಎಡೆಬಿಡದೆ ಚಾಲೂ ಇದ್ದರೆ 4 ಕ್ರೆಡಿಟ್‌ನಂತೆ 720 ಗಂಟೆಗೆ 2,880 ಕ್ರೆಡಿಟ್ ಆಗುತ್ತದೆ. ಅದೇ ಘಟಕಕ್ಕೆ ದಿನಕ್ಕೆ 3 ಗಂಟೆಯ ಕೆಲಸ ಮಾತ್ರ ಇದ್ದರೆ ಬೇಕಾಗುವುದು 360. ನಡುವಿನ ಅಂತರವೆಲ್ಲ ಬರಿದೇ ಹೋದ ಹಣ.

ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಪಟ್ಟಿಗಳು ಆಗಿಂದಾಗ್ಗೆ ತುಂಬುವುದಿಲ್ಲ. ಕ್ವೆರಿ ಹಿಸ್ಟರಿ ಸುಮಾರು 45 ನಿಮಿಷಗಳವರೆಗೆ, ಮೀಟರಿಂಗ್ ಹಿಸ್ಟರಿ ಸುಮಾರು 3 ಗಂಟೆಗಳವರೆಗೆ ತಡವಾಗಬಹುದು. ಈಗಷ್ಟೇ ಮಾಡಿದ ಬದಲಾವಣೆಯ ಫಲ ಕಾಣಲಿಲ್ಲವೆಂದು ಮರುಕ್ಷಣವೇ ಇನ್ನೊಂದನ್ನು ಬದಲಿಸಲು ಹೋಗಬೇಡಿ. ಒಂದು ಬದಲಾವಣೆ, ಒಂದು ಪೂರ್ಣ ದಿನದ ಕಾಯುವಿಕೆ, ಆಮೇಲೆ ಮುಂದಿನದು.

ಹಂತ 2: ಬೇರೆ ಏನೂ ಮಾಡುವ ಮೊದಲು ಮೇಲ್ಮಿತಿ ಹಾಕಿ

ಉಳಿತಾಯದ ಉಪಾಯಗಳಿಗಿಂತ ಮೊದಲು ಇದನ್ನೇ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಶುಕ್ರವಾರ ಸಂಜೆ ಯಾರೋ ತಪ್ಪಾಗಿ ಜೋಡಿಸಿದ ಎರಡು ದೊಡ್ಡ ಕೋಷ್ಟಕಗಳ ಕ್ವೆರಿ ಸೋಮವಾರ ಬೆಳಿಗ್ಗೆಯವರೆಗೆ ಓಡುವುದು ಅಪರೂಪದ ಸಂಗತಿಯಲ್ಲ. ಸ್ನೋಫ್ಲೇಕ್‌ನಲ್ಲಿ ಒಂದು ಕ್ವೆರಿಗೆ ಕೊಟ್ಟಿರುವ ಪೂರ್ವನಿಗದಿ ಕಾಲಮಿತಿ 1,72,800 ಸೆಕೆಂಡು, ಅಂದರೆ ಪೂರ್ತಿ ಎರಡು ದಿನ. ಸ್ಟೇಟ್‌ಮೆಂಟ್ ಟೈಮ್‌ಔಟ್ ಎಂಬ ಆ ಸೆಟ್ಟಿಂಗನ್ನು ವರದಿಗಳ ಘಟಕಕ್ಕೆ ಹದಿನೈದು ನಿಮಿಷಕ್ಕೆ, ದತ್ತಾಂಶ ತುಂಬುವ ಘಟಕಕ್ಕೆ ಒಂದೆರಡು ಗಂಟೆಗೆ ಇಳಿಸುವುದು ಇವತ್ತೇ ಮಾಡಬಹುದಾದ ಕೆಲಸ.

ಬಳಿಕ ರಿಸೋರ್ಸ್ ಮಾನಿಟರ್ ಮಾಡಿ. ಇದು ತಿಂಗಳಿಗೆ ಇಷ್ಟೇ ಕ್ರೆಡಿಟ್ ಎಂದು ಹಾಕುವ ಬೇಲಿ. ಶೇ 50ಕ್ಕೆ ಸೂಚನೆ, ಶೇ 80ಕ್ಕೆ ಇನ್ನೊಂದು ಸೂಚನೆ, ಶೇ 95ಕ್ಕೆ ಸಸ್ಪೆಂಡ್, ಶೇ 100ಕ್ಕೆ ಸಸ್ಪೆಂಡ್ ಇಮ್ಮೀಡಿಯೆಟ್ ಎಂದು ಇಡುವುದು ನನ್ನ ಸಲಹೆ. ಕೊನೆಯ ಎರಡಕ್ಕೂ ವ್ಯತ್ಯಾಸ ಇದೆ: ಮೊದಲನೆಯದು ಆಗಲೇ ಓಡುತ್ತಿರುವ ಕ್ವೆರಿಗಳು ಮುಗಿಯುವವರೆಗೆ ಕಾಯುತ್ತದೆ, ಎರಡನೆಯದು ಅವುಗಳನ್ನೂ ಕಡಿದು ನಿಲ್ಲಿಸುತ್ತದೆ.

ಜನ ಎಡವುವುದು ಮುಖ್ಯವಾಗಿ ಮೂರು ಕಡೆ. ಮಾನಿಟರ್ ಮಾಡಿ ಅದನ್ನು ಯಾವ ಘಟಕಕ್ಕೂ ಅಥವಾ ಖಾತೆಗೂ ಜೋಡಿಸದೆ ಬಿಟ್ಟರೆ ಅದು ಏನನ್ನೂ ಕಾಯುವುದಿಲ್ಲ. ಆಡಳಿತಾಧಿಕಾರಿಗಳು ತಮ್ಮ ತಮ್ಮ ಲಾಗಿನ್‌ನಲ್ಲಿ ಸೂಚನೆಗಳನ್ನು ಚಾಲೂ ಮಾಡಿಕೊಳ್ಳದಿದ್ದರೆ ಇಮೇಲ್ ಬರುವುದೇ ಇಲ್ಲ. ಮೂರನೆಯದು ಇನ್ನೂ ದೊಡ್ಡದು. ರಿಸೋರ್ಸ್ ಮಾನಿಟರ್ ನಿಮ್ಮ ಕಂಪ್ಯೂಟ್ ಘಟಕಗಳನ್ನು ಮಾತ್ರ ಕಾಯುತ್ತದೆ. ದತ್ತಾಂಶವನ್ನು ತಾನಾಗಿ ಒಳಗೆಳೆಯುವ ಸ್ನೋಪೈಪ್, ಕೋಷ್ಟಕವನ್ನು ತಾನಾಗಿ ಮರುಜೋಡಿಸುವ ಆಟೊಮ್ಯಾಟಿಕ್ ಕ್ಲಸ್ಟರಿಂಗ್ ಮುಂತಾದ ಸರ್ವರ್‌ಲೆಸ್ ಸೇವೆಗಳ ಖರ್ಚು ಅದರ ಕಣ್ಣಿಗೆ ಬೀಳುವುದಿಲ್ಲ. ಅವುಗಳಿಗೆ ಬಜೆಟ್ ಎಂಬ ಬೇರೆ ಸೌಲಭ್ಯವನ್ನು ಬಳಸಬೇಕು.

ಬಿಗ್‌ಕ್ವೆರಿ ಬಳಸುವವರು ಗೂಗಲ್ ಕ್ಲೌಡ್‌ನ ಬಜೆಟ್ ಎಚ್ಚರಿಕೆಯನ್ನು ನಂಬಿ ಕೂರುವುದು ಬಹಳ ಕಡೆ ಕಾಣುತ್ತದೆ. ಆ ಎಚ್ಚರಿಕೆ ಪತ್ರ ಕಳಿಸುತ್ತದೆಯೇ ಹೊರತು ಖರ್ಚನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದರೆ ಇಡೀ ಪ್ರಾಜೆಕ್ಟಿಗೆ ಮತ್ತು ಪ್ರತಿ ಬಳಕೆದಾರರಿಗೆ ದಿನಕ್ಕೆ ಇಷ್ಟೇ ಓದಬಹುದು ಎಂಬ ಕೋಟಾ ಹಾಕಬೇಕು, ಜೊತೆಗೆ ಪ್ರತಿ ಕ್ವೆರಿಗೆ ಮ್ಯಾಕ್ಸಿಮಮ್ ಬೈಟ್ಸ್ ಬಿಲ್ಡ್ ಎಂಬ ಮಿತಿಯನ್ನು ಕೊಡಬೇಕು. ಓದಬೇಕಾದ ಗಾತ್ರ ಆ ಮಿತಿಗಿಂತ ಹೆಚ್ಚೆಂದು ಅಂದಾಜಾದರೆ ಕ್ವೆರಿ ನಡೆಯುವುದೇ ಇಲ್ಲ, ಹಣವೂ ಬೀಳುವುದಿಲ್ಲ. ರೆಡ್‌ಶಿಫ್ಟ್ ಸರ್ವರ್‌ಲೆಸ್‌ನಲ್ಲಿ ಬಳಕೆಯ ಮಿತಿ ಮುಟ್ಟಿದಾಗ ದಾಖಲಿಸು, ಎಚ್ಚರಿಸು, ಕ್ವೆರಿಗಳನ್ನು ನಿಲ್ಲಿಸು ಎಂಬ ಮೂರು ಆಯ್ಕೆಗಳಿವೆ. ನಿಲ್ಲಿಸುವುದನ್ನು ಆರಿಸದಿದ್ದರೆ ಅದೂ ಬರಿಯ ಎಚ್ಚರಿಕೆಯೇ. ಅಲ್ಲಿ ಬೇಸ್ ಸಾಮರ್ಥ್ಯದ, ಅಂದರೆ ಕ್ವೆರಿಗಳಿಗೆ ಮೂಲವಾಗಿ ಕೊಡುವ ಗಣನಾ ಶಕ್ತಿಯ, ಪೂರ್ವನಿಗದಿ 128 ಆರ್‌ಪಿಯು ಎಂಬುದನ್ನೂ ನೋಡಿಕೊಳ್ಳಿ. ಅದನ್ನು 8ಕ್ಕೆ ಇಳಿಸಿ ಆರಂಭಿಸಿದರೆ ಒಂದು ಊರಿನ ಸಂಸ್ಥೆಗೆ ಬಹುಮಟ್ಟಿಗೆ ಸಾಕಾಗುತ್ತದೆ, ಸಾಲದಿದ್ದರೆ ಏರಿಸುವುದು ಸುಲಭ.

ಹಂತ 3: ಕೆಲಸ ಮುಗಿದ ಕೂಡಲೇ ಘಟಕ ಮಲಗುವಂತೆ ಮಾಡಿ

ಸ್ನೋಫ್ಲೇಕ್‌ನ ಪ್ರತಿ ಘಟಕಕ್ಕೆ ಆಟೊ ಸಸ್ಪೆಂಡ್ ಮತ್ತು ಆಟೊ ರೆಸ್ಯೂಮ್ ಎಂಬ ಎರಡು ಸೆಟ್ಟಿಂಗುಗಳಿವೆ. ಮೊದಲನೆಯದು ಇಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಮಲಗು ಎನ್ನುತ್ತದೆ, ಎರಡನೆಯದು ಕ್ವೆರಿ ಬಂದ ಕೂಡಲೇ ಏಳು ಎನ್ನುತ್ತದೆ. ಆಜ್ಞೆ ಬರೆದು ಘಟಕ ಮಾಡಿದಾಗ ಆಟೊ ಸಸ್ಪೆಂಡ್‌ನ ಪೂರ್ವನಿಗದಿ 600 ಸೆಕೆಂಡು. ಅಂದರೆ ಐದು ಸೆಕೆಂಡಿನ ಕ್ವೆರಿಗೂ ಹತ್ತು ನಿಮಿಷಕ್ಕೂ ಮಿಕ್ಕಿದ ಬಿಲ್ಲು. ಲೆಕ್ಕ ಸೆಕೆಂಡಿನ ಪ್ರಕಾರವೇ ಬಿದ್ದರೂ ಘಟಕ ಎದ್ದಾಗಲೆಲ್ಲ ಕನಿಷ್ಠ 60 ಸೆಕೆಂಡಿನ ಹಣ ಬೀಳುತ್ತದೆ. ಆದ್ದರಿಂದ ಹೆಚ್ಚಿನ ಘಟಕಗಳಿಗೆ 60 ಸೆಕೆಂಡು ಎಂದು ಇಡುವುದು ತಕ್ಕದ್ದು. ಅದಕ್ಕಿಂತ ಕಡಿಮೆ ಮಾಡಿದರೆ ಘಟಕ ಪದೇ ಪದೇ ಮಲಗಿ ಏಳುತ್ತ, ಪ್ರತಿ ಸಲವೂ ಆ ಕನಿಷ್ಠವನ್ನು ಹೊಸದಾಗಿ ತೆರಬೇಕಾಗಬಹುದು.

ಈಗ ಬಹಳ ಸಂಸ್ಥೆಗಳಲ್ಲಿ ಹಣ ಹೋಗುವ ಜಾಗವನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಮಾಲೀಕರ ಕೊಠಡಿಯ ಗೋಡೆಯ ಮೇಲೆ ಒಂದು ಟಿವಿ ಇದೆ, ಅದರಲ್ಲಿ ದಿನದ ಖರೀದಿ ಮತ್ತು ದಾಸ್ತಾನಿನ ಡ್ಯಾಶ್‌ಬೋರ್ಡ್ ಐದು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಸಲ ಐದು ಸೆಕೆಂಡಿನ ಕ್ವೆರಿ. ಆಟೊ ಸಸ್ಪೆಂಡ್ 600 ಸೆಕೆಂಡು ಇದ್ದರೆ ಮಲಗುವ ವೇಳೆ ಬರುವ ಮೊದಲೇ ಮುಂದಿನ ಕ್ವೆರಿ ಬಂದು ಎಚ್ಚರಿಸುತ್ತದೆ. ಘಟಕ ದಿನದ 24 ಗಂಟೆಯೂ ಚಾಲೂ, ಎಕ್ಸ್-ಸ್ಮಾಲ್ ಆದರೂ ದಿನಕ್ಕೆ 24 ಕ್ರೆಡಿಟ್. ಸೆಟ್ಟಿಂಗನ್ನು 60 ಸೆಕೆಂಡಿಗೆ ಇಳಿಸಿದರೆ ಪ್ರತಿ ಸಲ ಸುಮಾರು 65 ಸೆಕೆಂಡು, ದಿನಕ್ಕೆ 288 ಸಲ, ಒಟ್ಟು 5.2 ಗಂಟೆ. ಡ್ಯಾಶ್‌ಬೋರ್ಡನ್ನು ಗಂಟೆಗೊಮ್ಮೆ ಮಾತ್ರ ಹೊಸದಾಗಿಸಿದರೆ ದಿನಕ್ಕೆ 26 ನಿಮಿಷ, ಅರ್ಧ ಕ್ರೆಡಿಟ್ಟಿಗೂ ಕಡಿಮೆ. ರಾತ್ರಿ ಟಿವಿಯನ್ನು ಆರಿಸಿದರೂ ಹಿಂದೆ ಓಡುವ ಕಂಪ್ಯೂಟರ್ ಕ್ವೆರಿ ಕಳಿಸುತ್ತಲೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಹೊಸದಾಗಿಸುವ ವೇಳಾಪಟ್ಟಿಯಲ್ಲಿಯೇ ಕಚೇರಿಯ ಹೊತ್ತನ್ನು ನಮೂದಿಸಬೇಕು. ಇಲ್ಲಿ ಮಾಲೀಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಐದು ನಿಮಿಷದ ಹಿಂದಿನ ದಾಸ್ತಾನನ್ನು ನೋಡಿ ನೀವು ಯಾವ ನಿರ್ಧಾರ ಮಾಡುತ್ತೀರಿ, ಗಂಟೆಯ ಹಿಂದಿನದನ್ನು ನೋಡಿದರೆ ಯಾವುದು ಕೆಡುತ್ತದೆ? ಸಾಮಾನ್ಯವಾಗಿ ಏನೂ ಕೆಡುವುದಿಲ್ಲ.

ಒಂದು ರಿಯಾಯಿತಿಯೂ ಉಂಟು. ಅದೇ ಕ್ವೆರಿಯನ್ನು ಅಕ್ಷರವೂ ಬದಲಿಸದೆ ಮತ್ತೆ ಕೇಳಿದರೆ, ನಡುವೆ ದತ್ತಾಂಶ ಬದಲಾಗಿರದಿದ್ದರೆ, ಸ್ನೋಫ್ಲೇಕ್ ಮತ್ತು ಬಿಗ್‌ಕ್ವೆರಿ ಎರಡೂ 24 ಗಂಟೆಗಳವರೆಗೆ ಉಳಿಸಿಟ್ಟ ಉತ್ತರವನ್ನೇ ಕೊಡುತ್ತವೆ. ಅದಕ್ಕೆ ಕಂಪ್ಯೂಟ್ ಹಣವಿಲ್ಲ. ಆದರೆ ಕ್ವೆರಿಯೊಳಗೆ ಈ ಕ್ಷಣದ ವೇಳೆಯನ್ನು ಕೇಳುವ ಫಂಕ್ಷನ್ ಇದ್ದರೆ ಉತ್ತರ ಪ್ರತಿ ಸಲ ಬೇರೆಯಾಗಬಹುದಾದ್ದರಿಂದ ಸಾಮಾನ್ಯವಾಗಿ ಈ ಲಾಭ ಸಿಗುವುದಿಲ್ಲ.

ಹಲವರು ಒಂದೇ ಕೋಷ್ಟಕವನ್ನು ಹಗಲೆಲ್ಲ ಕೆದಕುವ ಘಟಕಕ್ಕೆ ಮಾತ್ರ ಐದು ನಿಮಿಷದಷ್ಟು ಸಡಿಲ ಕೊಡಬಹುದು. ಘಟಕ ಮಲಗಿದಾಗ ಅದರ ಡಿಸ್ಕಿನಲ್ಲಿ ಉಳಿಸಿಕೊಂಡ ದತ್ತಾಂಶ ಅಳಿಸಿಹೋಗಿ, ಎದ್ದ ಮೇಲಿನ ಮೊದಲ ಕ್ವೆರಿಗಳು ನಿಧಾನವಾಗುವುದು ಇದಕ್ಕೆ ಕಾರಣ.

ಹಂತ 4: ಗಾತ್ರವನ್ನು ಅಳೆದು ಆರಿಸಿ

ಚಿಕ್ಕ ಗಾತ್ರವೇ ಅಗ್ಗ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ದರ ಇಮ್ಮಡಿಯಾದಾಗ ಸಮಯ ಅರ್ಧವಾದರೆ ಖರ್ಚು ಅಷ್ಟೇ ಆಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ನಿಮ್ಮಲ್ಲಿ ಅತಿ ಭಾರವಾದ ಮೂರು ಕೆಲಸಗಳನ್ನು ಆರಿಸಿ, ಉಳಿಸಿಟ್ಟ ಉತ್ತರ ಬಳಸುವ ಸೌಲಭ್ಯವನ್ನು ಪರೀಕ್ಷೆಯ ಹೊತ್ತಿಗೆ ಬಂದ್ ಮಾಡಿಟ್ಟು, ಮೂರು ಗಾತ್ರಗಳಲ್ಲಿ ನಡೆಸಿ ನೋಡಿ. ಉದಾಹರಣೆಗೆ ಒಂದು ಕೆಲಸ ಸ್ಮಾಲ್‌ನಲ್ಲಿ 40 ನಿಮಿಷ, ಮೀಡಿಯಂನಲ್ಲಿ 20, ಲಾರ್ಜ್‌ನಲ್ಲಿ 15 ನಿಮಿಷ ತೆಗೆದುಕೊಂಡರೆ ಖರ್ಚು ಕ್ರಮವಾಗಿ 1.33, 1.33 ಮತ್ತು 2 ಕ್ರೆಡಿಟ್. ಇಲ್ಲಿ ಮೀಡಿಯಂ ಸರಿಯಾದ ಆಯ್ಕೆ, ಲಾರ್ಜ್‌ಗೆ ಏರಿಸುವುದು ದಂಡ.

ಕ್ವೆರಿಯ ವಿವರದಲ್ಲಿ ಸ್ಪಿಲ್ ಎಂಬ ಸಾಲನ್ನು ನೋಡುವುದನ್ನು ರೂಢಿಸಿಕೊಳ್ಳಿ. ಮೆಮೊರಿ ಸಾಲದೆ ದತ್ತಾಂಶ ಹೊರಗೆ ಚೆಲ್ಲಿದೆ ಎಂದು ಅದರ ಅರ್ಥ. ಸ್ವಂತ ಡಿಸ್ಕಿಗೆ ಚೆಲ್ಲಿದರೆ ಸಹಿಸಬಹುದು, ರಿಮೋಟ್ ಸಂಗ್ರಹಕ್ಕೆ ಚೆಲ್ಲಿದ್ದರೆ ಕ್ವೆರಿಯನ್ನು ತಿದ್ದಬೇಕು ಅಥವಾ ಗಾತ್ರ ಏರಿಸಬೇಕು. ಕ್ವೆರಿಗಳು ಸರದಿಯಲ್ಲಿ ಕಾಯುತ್ತಿದ್ದರೆ ರೋಗ ಬೇರೆ, ಮದ್ದೂ ಬೇರೆ. ಒಂದೇ ಹೊತ್ತಿಗೆ ಬಹಳ ಜನ ಕೇಳುತ್ತಿದ್ದಾರೆ, ಹಾಗಾಗಿ ಅದೇ ಗಾತ್ರದ ಇನ್ನೊಂದು ಕ್ಲಸ್ಟರ್, ಅಂದರೆ ಅದೇ ಘಟಕದೊಳಗೆ ಜೊತೆಗೂಡಿ ದುಡಿಯುವ ಇನ್ನೊಂದು ಯಂತ್ರಗಳ ಗುಂಪು ಬೇಕು. ಈ ಎರಡನ್ನು ಕಲಸಿಕೊಂಡು, ಸರದಿ ಉದ್ದವಾದಾಗ ಗಾತ್ರವನ್ನು ಎರಡು ಮೆಟ್ಟಿಲು ಏರಿಸಿ ನಾಲ್ಕು ಪಟ್ಟು ದರ ತೆರುವವರನ್ನು ನೋಡಿದ್ದೇನೆ. ಬಹು ಕ್ಲಸ್ಟರ್ ಸೌಲಭ್ಯ ಸ್ನೋಫ್ಲೇಕ್‌ನ ಎಂಟರ್‌ಪ್ರೈಸ್ ಮತ್ತು ಅದಕ್ಕೆ ಮೇಲಿನ ಆವೃತ್ತಿಗಳಲ್ಲಿ ಮಾತ್ರ ಇದೆ. ಅದನ್ನು ಬಳಸುವಾಗ ಗರಿಷ್ಠ ಸಂಖ್ಯೆಯನ್ನು ಎರಡಕ್ಕೆ ಮೀರದಂತೆ ಇಟ್ಟು ಆರಂಭಿಸಿ, ಏಕೆಂದರೆ ಏಳುವ ಪ್ರತಿ ಕ್ಲಸ್ಟರ್ ಪೂರ್ತಿ ದರ ಕೇಳುತ್ತದೆ. ಇಕಾನಮಿ ಎಂಬ ನೀತಿಯನ್ನು ಆರಿಸಿದರೆ, ಹೊಸ ಕ್ಲಸ್ಟರಿಗೆ ಕನಿಷ್ಠ ಆರು ನಿಮಿಷದ ಕೆಲಸ ಇದೆಯೆಂದು ಕಂಡಾಗ ಮಾತ್ರ ಅದು ಏಳುತ್ತದೆ. ಸ್ವಲ್ಪ ಕಾಯಬಲ್ಲವರಿಗೆ ಅದು ಒಳ್ಳೆಯದು.

ಹಂತ 5: ಕೆಲಸಗಳನ್ನು ಬೇರ್ಪಡಿಸಿ, ಸುಗ್ಗಿಯ ಲೆಕ್ಕ ಇಡಿ

ದತ್ತಾಂಶ ತುಂಬುವುದಕ್ಕೆ ಒಂದು, ನಿತ್ಯದ ವರದಿಗಳಿಗೆ ಒಂದು, ಹೊಸದಾಗಿ ಏನನ್ನಾದರೂ ಹುಡುಕುವವರಿಗೆ ಒಂದು, ಹೀಗೆ ಮೂರು ಘಟಕಗಳು ಸಾಕು. ಪ್ರತಿ ವಿಭಾಗಕ್ಕೂ ಒಂದರಂತೆ ಹತ್ತು ಘಟಕ ಮಾಡಿದರೆ ಹತ್ತೂ ಅರೆಬರೆ ಕೆಲಸದಲ್ಲಿ ಚಾಲೂ ಇರುತ್ತವೆ.

ನಮ್ಮ ಭಾಗದ ಸಂಸ್ಥೆಗಳಿಗೆ ಇದಕ್ಕಿಂತ ಮುಖ್ಯವಾದದ್ದು ಕಾಲದ ಏರಿಳಿತ. ತುಂಗಭದ್ರಾ ಎಡದಂಡೆ ಕಾಲುವೆಯ ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಗಿರಣಿಗಳಿಗೆ ಬರುತ್ತದೆ. ರಾಯಚೂರಿನ ಎಪಿಎಂಸಿಗೆ ಹತ್ತಿಯ ಆವಕ ಅಕ್ಟೋಬರ್ ನಂತರ ಏರಿ ಮುಂದಿನ ಕೆಲವು ತಿಂಗಳು ಜೋರಾಗಿರುತ್ತದೆ. ಆ ತಿಂಗಳುಗಳಲ್ಲಿ ಲಾರಿಗಳ ತೂಕ, ತೇವಾಂಶ, ರೈತರ ಪಾವತಿ ಎಲ್ಲದರ ದಾಖಲೆ ಹಲವು ಪಟ್ಟು ಹೆಚ್ಚುತ್ತದೆ, ವರದಿಗಳನ್ನೂ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಸುಗ್ಗಿಗೆಂದು ಏರಿಸಿದ ಗಾತ್ರವನ್ನು ಮಾರ್ಚ್‌ನಲ್ಲಿ ಇಳಿಸುವುದನ್ನು ಮರೆತರೆ ವರ್ಷವಿಡೀ ಸುಗ್ಗಿಯ ಬಿಲ್ಲೇ ಬರುತ್ತದೆ. ಏರಿಸುವ ದಿನವೇ ಇಳಿಸುವ ದಿನವನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ, ಸಾಧ್ಯವಿದ್ದರೆ ಎರಡನ್ನೂ ವೇಳಾಪಟ್ಟಿಯ ಕೆಲಸವಾಗಿಯೇ ಹಾಕಿಡಿ. ಮೇಲ್ಮಿತಿಯನ್ನೂ ತಿಂಗಳಿಗೆ ತಕ್ಕಂತೆ ಬದಲಿಸಬೇಕು. ವರ್ಷಕ್ಕೆಲ್ಲ ಒಂದೇ ಮಿತಿ ಇಟ್ಟರೆ ಅದು ಬೇಸಿಗೆಗೆ ಸಡಿಲವಾಗುತ್ತದೆ, ಸುಗ್ಗಿಗೆ ಬಿಗಿಯಾಗುತ್ತದೆ.

ಮುಂಗಡ ಒಪ್ಪಂದದ ಪ್ರಶ್ನೆ ಬರುವುದೂ ಇಲ್ಲಿಯೇ. ಒಂದು ವರ್ಷ ಅಥವಾ ಮೂರು ವರ್ಷಗಳ ಬಳಕೆಗೆ ಮೊದಲೇ ಮಾತು ಕೊಟ್ಟರೆ ದರದಲ್ಲಿ ರಿಯಾಯಿತಿ ಸಿಗುತ್ತದೆ. ಬಿಗ್‌ಕ್ವೆರಿಯ ಸ್ಲಾಟ್‌ಗಳಿಗೆ, ರೆಡ್‌ಶಿಫ್ಟ್‌ನ ನೋಡ್ ಎಂಬ ಯಂತ್ರಗಳಿಗೆ, ಸ್ನೋಫ್ಲೇಕ್‌ನ ಕ್ರೆಡಿಟ್‌ಗಳಿಗೆ ಇಂಥ ಏರ್ಪಾಡುಗಳಿವೆ. ಆದರೆ ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ವಹಿವಾಟು ನಿಂತಿರುವ ಗಿರಣಿ ಡಿಸೆಂಬರ್ ತಿಂಗಳ ಬಳಕೆಯನ್ನು ಹನ್ನೆರಡರಿಂದ ಗುಣಿಸಿ ಮಾತು ಕೊಡಬಾರದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ವರ್ಷದ ಅಂದಾಜುಗಳೆಲ್ಲ ಒಂದೇ ರಾತ್ರಿಯಲ್ಲಿ ಅನಿಶ್ಚಿತವಾದದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಒಂದು ಪೂರ್ತಿ ವರ್ಷವನ್ನು ಬಳಸಿದಷ್ಟೇ ಕೊಡುವ ಪದ್ಧತಿಯಲ್ಲಿ ಕಳೆದು, ಅತಿ ಕಡಿಮೆ ಬಳಕೆಯ ತಿಂಗಳು ಯಾವುದೆಂದು ನೋಡಿ, ಅಷ್ಟಕ್ಕೆ ಮಾತ್ರ ಮುಂಗಡ ಒಪ್ಪಂದ ಮಾಡಿಕೊಳ್ಳಿ. ಮೇಲಿನದನ್ನು ಬಿಡಿಯಾಗಿ ಕೊಳ್ಳುವುದು ಕ್ಷೇಮ.

ಹಂತ 6: ಕ್ವೆರಿ ಓದುವ ದತ್ತಾಂಶವನ್ನು ಕಡಿಮೆ ಮಾಡಿ

ಓದಿದ ಗಾತ್ರಕ್ಕೆ ಹಣ ಕೊಡುವ ಬಿಗ್‌ಕ್ವೆರಿ ಪದ್ಧತಿಯಲ್ಲಿ ಇದೇ ಜೀವಾಳ. ಅಲ್ಲಿ ತಿಂಗಳಿಗೆ ಮೊದಲ 1 ಟಿಬಿ ಉಚಿತ. ಅಚ್ಚುಕಟ್ಟಾಗಿ ನಡೆಸುವ ಸಣ್ಣ ಸಂಸ್ಥೆ ಅದರೊಳಗೇ ಮುಗಿಸಬಹುದು. ಬೇಕಾದ ಕಲಮುಗಳನ್ನು ಮಾತ್ರ ಹೆಸರಿಸಿ ಕೇಳಿ. ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಕಲಮುಗಳನ್ನು ಕೇಳಿದರೆ ಎಲ್ಲದಕ್ಕೂ ಹಣ ಬೀಳುತ್ತದೆ. ಹತ್ತು ಸಾಲು ಸಾಕೆಂದು ಲಿಮಿಟ್ 10 ಹಾಕಿದರೆ ಖರ್ಚು ಕಡಿಮೆಯಾಗುತ್ತದೆ ಎಂಬುದು ಬಹಳ ಜನರ ತಪ್ಪು ಕಲ್ಪನೆ. ಸಾಮಾನ್ಯ ಕೋಷ್ಟಕದಲ್ಲಿ ಅದು ಪೂರ್ತಿ ಓದಿಯೇ ಹತ್ತು ಸಾಲು ತೋರಿಸುತ್ತದೆ. ಸಾಲುಗಳ ಮಾದರಿಯನ್ನು ನೋಡುವುದಷ್ಟೇ ಬೇಕಿದ್ದರೆ ಪ್ರಿವ್ಯೂ ಎಂಬ ಉಚಿತ ಸೌಲಭ್ಯ ಇದೆ.

ದೊಡ್ಡ ಕೋಷ್ಟಕಗಳನ್ನು ದಿನಾಂಕದ ಪ್ರಕಾರ ಪಾರ್ಟಿಶನ್ ಮಾಡಿ, ಅಂದರೆ ದಿನಕ್ಕೊಂದರಂತೆ ತುಂಡು ಮಾಡಿಡಿ. ಎರಡು ವರ್ಷಗಳ 200 ಜಿಬಿ ತೂಕದ ದಾಖಲೆಗಳು 730 ತುಂಡುಗಳಾದರೆ, ನಿನ್ನೆಯ ವರದಿಗೆ ಓದಬೇಕಾದದ್ದು ಸರಾಸರಿ 0.3 ಜಿಬಿಗಿಂತ ಕಡಿಮೆ. ದಿನಾಂಕ ಕೇಳದ ಕ್ವೆರಿಯನ್ನು ತಿರಸ್ಕರಿಸುವ ಸೆಟ್ಟಿಂಗನ್ನೂ ಆ ಕೋಷ್ಟಕಕ್ಕೆ ಹಾಕಿಬಿಡಿ. ಹೊಸ ಹುಡುಗರಿಗೆ ನಿಯಮ ಹೇಳಿಕೊಡುವುದಕ್ಕಿಂತ ಇದು ಗಟ್ಟಿ. ನಡೆಸುವ ಮುನ್ನವೇ ಎಷ್ಟು ಓದಲಾಗುತ್ತದೆ ಎಂದು ಪರದೆಯ ಮೇಲೆ ತೋರಿಸುತ್ತದೆ, ಅದನ್ನು ನೋಡದೆ ಒತ್ತಬಾರದು.

ಸ್ನೋಫ್ಲೇಕ್ ಕೋಷ್ಟಕವನ್ನು ತಾನೇ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ಗುರುತಿಟ್ಟುಕೊಂಡು, ಬೇಡದ ತುಂಡುಗಳನ್ನು ಓದದೆ ಬಿಡುತ್ತದೆ. ದಿನಾಂಕದ ಕಲಮನ್ನು ಫಂಕ್ಷನ್ನಿನೊಳಗೆ ಸುತ್ತಿ ಹೋಲಿಸಿದರೆ ಈ ಲಾಭ ಕಳೆದುಹೋಗಬಹುದು. ಆದ್ದರಿಂದ ಕಲಮನ್ನು ಇದ್ದಂತೆಯೇ ಬಿಟ್ಟು ಇಂಥ ದಿನದಿಂದ ಇಂಥ ದಿನದವರೆಗೆ ಎಂದು ನೇರವಾಗಿ ಕೇಳಿ.

ಹಂತ 7: ತುಂಬುವ ಕೆಲಸವನ್ನು ಗುಂಪಾಗಿ ಮಾಡಿ

ಸ್ನೋಫ್ಲೇಕ್‌ಗೆ ತುಂಬುವ ಕಡತಗಳು ಕುಗ್ಗಿಸಿದ ಮೇಲೆ 100ರಿಂದ 250 ಎಂಬಿ ಇರಬೇಕೆಂದು ಸಲಹೆ ಇದೆ. ನಮ್ಮ ಗಿರಣಿಯ ವೇಬ್ರಿಡ್ಜ್ ಇಡೀ ದಿನ ದುಡಿದರೂ ಅಷ್ಟು ದತ್ತಾಂಶ ಹುಟ್ಟುವುದಿಲ್ಲ. ಹಾಗಿರುವಾಗ ಒಂದೊಂದು ಲಾರಿಯ ತೂಕಕ್ಕೂ ಒಂದೊಂದು ಕಡತ ಕಳಿಸಿ, ಪ್ರತಿ ಸಲ ಘಟಕವನ್ನು ಎಬ್ಬಿಸಿ, ಪ್ರತಿ ಸಲ ಕನಿಷ್ಠ ಒಂದು ನಿಮಿಷದ ಹಣ ತೆರುವುದರಲ್ಲಿ ಅರ್ಥವಿಲ್ಲ. ಸ್ಥಳೀಯ ಕಂಪ್ಯೂಟರಿನಲ್ಲಿ ಕೂಡಿಸಿಟ್ಟುಕೊಂಡು ರಾತ್ರಿ ಒಮ್ಮೆ, ಸುಗ್ಗಿಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಕಳಿಸಿದರೆ ಸಾಕು.

ಕರೆಂಟು ಮತ್ತು ಇಂಟರ್ನೆಟ್ ಹೋಗಿ ಬರುವ ಕಡೆ ಇನ್ನೊಂದು ಅಪಾಯ ಇದೆ. ಸಂಪರ್ಕ ಕಡಿದಾಗ ಪ್ರತಿ ನಿಮಿಷಕ್ಕೆ ಮತ್ತೆ ಯತ್ನಿಸು ಎಂದು ಬರೆದ ಸ್ಕ್ರಿಪ್ಟ್, ಅರ್ಧಂಬರ್ಧ ಸಂಪರ್ಕ ಇರುವಾಗ ಪ್ರತಿ ಸಲ ಘಟಕವನ್ನು ಎಬ್ಬಿಸಿ ಸೋಲುತ್ತದೆ. ಯತ್ನಗಳ ನಡುವಿನ ಅಂತರ ಒಂದು, ಐದು, ಹದಿನೈದು ನಿಮಿಷ ಎಂದು ಹಿಗ್ಗುವಂತೆ ಬರೆಸಿ, ಐದನೆಯ ಸೋಲಿನ ನಂತರ ನಿಲ್ಲಿಸಿ ಫೋನಿಗೆ ಸಂದೇಶ ಬರುವಂತೆ ಮಾಡಿಸಿ. ಅರ್ಧ ತುಂಬಿದ ದತ್ತಾಂಶ ಎರಡು ಸಲ ಸೇರದಂತೆ ತೂಕದ ಚೀಟಿಯ ಸಂಖ್ಯೆಯನ್ನು ಗುರುತಾಗಿ ಬಳಸಬೇಕು.

ಸಂಗ್ರಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ನೋಫ್ಲೇಕ್‌ನಲ್ಲಿ ಅಳಿಸಿದ ದತ್ತಾಂಶವನ್ನು ಮರಳಿ ಪಡೆಯುವ ಟೈಮ್ ಟ್ರಾವೆಲ್ ಅವಧಿ ಪೂರ್ವನಿಗದಿಯಂತೆ 1 ದಿನ, ಎಂಟರ್‌ಪ್ರೈಸ್‌ನಲ್ಲಿ 90 ದಿನಗಳವರೆಗೆ ಏರಿಸಬಹುದು, ಅದರ ಮೇಲೆ ಶಾಶ್ವತ ಕೋಷ್ಟಕಗಳಿಗೆ ಸ್ನೋಫ್ಲೇಕ್ ಕಂಪನಿಯ ನೆರವಿನಿಂದ ಮಾತ್ರ ಮರಳಿ ಪಡೆಯಬಹುದಾದ 7 ದಿನಗಳ ಫೇಲ್‌ಸೇಫ್ ಇರುತ್ತದೆ. ಈ ಎಲ್ಲ ದಿನಗಳಿಗೂ ಬಾಡಿಗೆ ಬೀಳುವುದರಿಂದ ರಾತ್ರಿ ಹುಟ್ಟಿ ಬೆಳಿಗ್ಗೆ ಸಾಯುವ ತಾತ್ಕಾಲಿಕ ಕೋಷ್ಟಕಗಳನ್ನು ಫೇಲ್‌ಸೇಫ್ ಇಲ್ಲದ ಟ್ರಾನ್ಸಿಯೆಂಟ್ ಮಾದರಿಯಲ್ಲಿ ಮಾಡಿ. ಬಿಗ್‌ಕ್ವೆರಿಯಲ್ಲಿ 90 ದಿನ ಮುಟ್ಟದ ಕೋಷ್ಟಕದ ಬಾಡಿಗೆ ತಾನಾಗಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಳೆಯದನ್ನು ಸುಮ್ಮನೆ ತಿದ್ದಬೇಡಿ.

ಹಂತ 8: ಖರ್ಚಿಗೆ ಹೆಸರು ಹಚ್ಚಿ, ವಾರಕ್ಕೊಮ್ಮೆ ನೋಡಿ

ಪ್ರತಿ ಕೆಲಸಕ್ಕೂ ಕ್ವೆರಿ ಟ್ಯಾಗ್ ಅಥವಾ ಲೇಬಲ್ ಎಂಬ ಗುರುತು ಹಾಕಿ. ಖರೀದಿ ವಿಭಾಗ, ದಾಸ್ತಾನು, ಪಾವತಿ ಎಂದು ಇದ್ದರೆ ಸಾಕು. ವಾರದ ಒಂದು ನಿಗದಿತ ಬೆಳಿಗ್ಗೆ ಹತ್ತು ದುಬಾರಿ ಕ್ವೆರಿಗಳ ಪಟ್ಟಿ ತೆಗೆದು, ಪ್ರತಿಯೊಂದರ ಎದುರು ಕೇಳಿದವರ ಹೆಸರು ಬರೆದು, ಬೇಡವಾದದ್ದನ್ನು ನಿಲ್ಲಿಸಿ. ಮಾಲೀಕರಿಗೆ ವರದಿ ಕೊಡುವಾಗ ಕ್ರೆಡಿಟ್ ಲೆಕ್ಕ ಬೇಡ, ರೂಪಾಯಿಯಲ್ಲಿ ಹೇಳಿ. ದರ ಡಾಲರಿನಲ್ಲಿ ಇದ್ದರೆ ವಿನಿಮಯದ ಏರಿಳಿತವನ್ನೂ ಶೇ 18ರ ಜಿಎಸ್‌ಟಿಯನ್ನೂ ಸೇರಿಸಿಯೇ ಅಂದಾಜು ಮಾಡಬೇಕು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲು ಖಾತೆಯಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ಲೆಕ್ಕಪರಿಶೋಧಕರಿಗೆ ತೋರಿಸಿಕೊಳ್ಳಿ. ದತ್ತಾಂಶ, ಡ್ಯಾಶ್‌ಬೋರ್ಡ್ ಸರ್ವರ್ ಎರಡೂ ಮುಂಬೈನಂಥ ಒಂದೇ ಪ್ರದೇಶದಲ್ಲಿ ಇರಲಿ. ಒಂದು ಮುಂಬೈ, ಇನ್ನೊಂದು ವಿದೇಶದಲ್ಲಿದ್ದರೆ ಸಾಗಣೆಯ ಹಣ ಬೇರೆ ಬೀಳುತ್ತದೆ.

ಮಿತಿ ಮುಟ್ಟಿ ಎಲ್ಲ ನಿಂತಾಗ

ಹಂತ 2ರಲ್ಲಿ ಹಾಕಿದ ಬೇಲಿ ಒಂದು ದಿನ ನಿಜವಾಗಿಯೂ ಕೆಲಸ ಮಾಡುತ್ತದೆ, ಅದೂ ರೈತರ ಪಾವತಿಯ ಪಟ್ಟಿ ಬೇಕಾದ ದಿನವೇ ಆಗಬಹುದು. ಗಾಬರಿಯಲ್ಲಿ ಮಿತಿಯನ್ನು ತೆಗೆದುಹಾಕಬೇಡಿ. ಮೊದಲು ಸ್ನೋಫ್ಲೇಕ್ ಪರದೆಯ ಕ್ವೆರಿ ಹಿಸ್ಟರಿ ಪುಟದಲ್ಲಿ (ಹಂತ 1ರಲ್ಲಿ ಹೇಳಿದ, ತಡವಾಗಿ ತುಂಬುವ ಪಟ್ಟಿಯಲ್ಲಲ್ಲ) ಈಗ ಓಡುತ್ತಿರುವುದನ್ನೂ ಹಿಂದಿನ ದಿನ ಅತಿ ಹೆಚ್ಚು ಹೊತ್ತು ಓಡಿದ್ದನ್ನೂ ನೋಡಿ, ತಪ್ಪು ಕ್ವೆರಿ ಸಿಕ್ಕರೆ ಅದನ್ನು ಕಳಿಸುತ್ತಿರುವ ವೇಳಾಪಟ್ಟಿಯನ್ನು ನಿಲ್ಲಿಸಿ. ನಂತರ ಮಿತಿಯನ್ನು ತುರ್ತು ಕೆಲಸಕ್ಕೆ ಬೇಕಾದಷ್ಟೇ, ಶೇ 10ರಷ್ಟು ಏರಿಸಿ, ಪಾವತಿಯ ವರದಿಯನ್ನು ಮೊದಲು ನಡೆಸಿ. ಪಾವತಿಯಂಥ ನಿಲ್ಲಬಾರದ ಕೆಲಸಕ್ಕೆ ಒಂದು ಎಕ್ಸ್-ಸ್ಮಾಲ್ ಘಟಕವನ್ನೂ ಅದಕ್ಕೇ ಸ್ವಂತ ಮಾನಿಟರನ್ನೂ ಕೊಟ್ಟಿದ್ದರೆ ಉಳಿದ ಘಟಕಗಳ ಮಿತಿ ಮುಗಿದರೂ ಅದು ನಡೆಯುತ್ತದೆ. ಆದರೆ ಇಡೀ ಖಾತೆಗೆ ಹಾಕಿದ ಮಾನಿಟರ್ ಮಿತಿ ಮುಟ್ಟಿದರೆ ಅದೂ ನಿಲ್ಲುತ್ತದೆಯಾದ್ದರಿಂದ, ಖಾತೆಯ ಮಿತಿಯನ್ನು ಘಟಕಗಳ ಮಿತಿಗಳ ಮೊತ್ತಕ್ಕಿಂತ ತುಸು ಮೇಲೆ ಇಡಬೇಕು. ಮಿತಿ ಏರಿಸುವ ಅಧಿಕಾರ ಯಾರಿಗಿದೆ, ಅವರು ಊರಲ್ಲಿಲ್ಲದಿದ್ದರೆ ಎರಡನೆಯವರು ಯಾರು, ಎಷ್ಟರವರೆಗೆ ಅವರು ಮಾಲೀಕರನ್ನು ಕೇಳದೆಯೇ ಏರಿಸಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಇಬ್ಬರ ಫೋನ್ ಸಂಖ್ಯೆಯೊಂದಿಗೆ ಲೆಕ್ಕಪತ್ರದ ಕೊಠಡಿಯಲ್ಲಿ ಅಂಟಿಸಿಡಿ.